ಗಾಸ್ಪೆಲ್ ಲೈಬ್ರರಿ ಆ್ಯಪ್ ವಿಮರ್ಶೆ: ಕುರಾನ್ ಓದಿಕೊಂಡು ಮಾರ್ಮನ್ ಗ್ರಂಥದ ಕಡಲಿಗೆ ಇಳಿಯುವವರಿಗೆ

ಇಸ್ಲಾಮಿನ ಅಧ್ಯಯನದಿಂದ ಮಾರ್ಮನ್ ಪಂಥದ ಕಡೆಗೆ ಹೊರಳುವ ದಾರಿ ನೋಡುವವರಿಗೆ ಕಾಣುವಷ್ಟು ದೂರದ್ದೇನಲ್ಲ. ದೇವದೂತನ ಮೂಲಕ ಒಬ್ಬ ಮನುಷ್ಯನಿಗೆ ಒದಗಿದ ಗ್ರಂಥ, ಹಿಂದಿನ ಗ್ರಂಥಗಳಿಂದ ಮುಖ್ಯ ಮಾತುಗಳು ಕಳೆದುಹೋಗಿವೆ ಎಂಬ ವಾದ, ಕಿರುಕುಳ ತಾಳಲಾರದೆ ಊರು ಬಿಟ್ಟು ಬೇರೆಡೆ ನೆಲೆ ನಿಂತ ಸಮುದಾಯ, ಮದ್ಯಕ್ಕೆ ನಿಷೇಧ, ಉಪವಾಸ, ಸಂಪಾದನೆಯಲ್ಲಿ ದೇವರಿಗೊಂದು ಪಾಲು ಇವೆಲ್ಲ ಎರಡೂ ಕಡೆ ಇವೆ. 19ನೇ ಶತಮಾನದ ಅಮೆರಿಕದ ಟೀಕಾಕಾರರು ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನನ್ನು ‘ಅಮೆರಿಕದ ಮಹಮದ್’ ಎಂದು ಹೀಯಾಳಿಸಿದ್ದೂ ಈ ಹೋಲಿಕೆ ಹಿಡಿದೇ. ಇದಕ್ಕೆ ಹಳೆಯ ಕಡಲಯಾನಗಳ ಹುಚ್ಚೂ ಸೇರಿದರೆ ಸ್ಮಿತ್ ಹೊರತಂದ ಬುಕ್ ಆಫ್ ಮಾರ್ಮನ್‌ಗಿಂತ ಒಳ್ಳೆಯ ಬೇಟೆ ಸಿಗುವುದು ಕಷ್ಟ. ಅದರ ಇಡೀ ಕಥೆ ನಿಂತಿರುವುದೇ ಸಾಗರ ದಾಟಿ ಬಂದವರ ಮೇಲೆ.

ಆ ಗ್ರಂಥವನ್ನು ಓದಲು ಮಾರ್ಮನ್ ಚರ್ಚ್ ತಾನೇ ಕೊಡುವ ಸಾಧನ ಗಾಸ್ಪೆಲ್ ಲೈಬ್ರರಿ ಎಂಬ ಆ್ಯಪ್. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಉಚಿತ, ಜಾಹೀರಾತಿಲ್ಲ, ಲಾಗಿನ್ ಕಡ್ಡಾಯವಲ್ಲ. ಓದುವ ಸಲಕರಣೆಯಾಗಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು. ಸಂಶೋಧನೆಯ ಸಲಕರಣೆಯಾಗಿ ಅರ್ಧ ಅಂಕ ಹೆಚ್ಚಾಯಿತು. ಯಾಕೆ ಎಂಬುದು ಕಡಲಿನ ಅಧ್ಯಾಯಗಳಿಗೆ ಬಂದಾಗ ಗೊತ್ತಾಗುತ್ತದೆ.

ಮೊದಲು ಹಾಕಿಕೊಳ್ಳುವ ಮಾತು. ಆ್ಯಪ್ ಅಂಗಡಿಯಲ್ಲಿ ‘ಮಾರ್ಮನ್’ ಎಂದು ಹುಡುಕಿದರೆ ಬೇರೆಯವರು ಮಾಡಿದ ಹತ್ತಾರು ಆ್ಯಪ್‌ಗಳ ನಡುವೆ ಸಿಕ್ಕಿಕೊಳ್ಳುತ್ತೀರಿ. ತಮ್ಮನ್ನು ಮಾರ್ಮನ್ ಎಂದು ಕರೆಯಬೇಡಿ ಎಂದು ಚರ್ಚ್ 2018ರಲ್ಲಿ ಕೇಳಿಕೊಂಡಿದೆ. ಹಾಗಾಗಿ ಗಾಸ್ಪೆಲ್ ಲೈಬ್ರರಿ ಎಂದೇ ಹುಡುಕಿ, ಪ್ರಕಾಶಕರ ಜಾಗದಲ್ಲಿ ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಎಂಬ ಪೂರ್ಣ ಹೆಸರು ಇದೆಯೇ ನೋಡಿಕೊಳ್ಳಿ. ಇದೇ ಚರ್ಚ್‌ನ ಬುಕ್ ಆಫ್ ಮಾರ್ಮನ್ ಎಂಬ ಚಿಕ್ಕ ಆ್ಯಪ್ ಕೂಡ ಇದೆ. ಅದು ಹೊಸಬರನ್ನು ಆಕರ್ಷಿಸಲು ಮಾಡಿದ್ದು. ಹೋಲಿಸಿ ಓದುವವರಿಗೆ ಬೈಬಲ್, ಡಾಕ್ಟ್ರಿನ್ ಆ್ಯಂಡ್ ಕವನೆಂಟ್ಸ್ ಎಂಬ ಚರ್ಚ್‌ನ ಇನ್ನೊಂದು ಧರ್ಮಗ್ರಂಥ, ಪ್ರಬಂಧಗಳು ಒಂದೇ ಕಡೆ ಇರುವ ದೊಡ್ಡ ಆ್ಯಪೇ ಬೇಕು.

ಗ್ರಂಥಗಳು ಒಂದೊಂದಾಗಿ ಡೌನ್‌ಲೋಡ್ ಆಗುತ್ತವೆ. ಪಠ್ಯ ಹಗುರ, ಧ್ವನಿ ಮತ್ತು ವಿಡಿಯೊ ಭಾರ. ಆದ್ದರಿಂದ ಮೊದಲು ಪಠ್ಯ ಮಾತ್ರ ಇಳಿಸಿಕೊಂಡು, ಬೇಕಾದ ಅಧ್ಯಾಯದ ಧ್ವನಿಯನ್ನು ಆಮೇಲೆ ತರಿಸಿಕೊಳ್ಳುವುದು ಲೇಸು. ಭಾಷೆಯನ್ನು ಇಂಗ್ಲಿಷಿನಲ್ಲಿ ಇಡಿ. ಅಡಿಟಿಪ್ಪಣಿ, ವಿಷಯಸೂಚಿ, ನಿಘಂಟು ಎಲ್ಲವೂ ತುಂಬಿಕೊಂಡಿರುವುದು ಅಲ್ಲಿ. ಆ ಇಂಗ್ಲಿಷ್ ಮಾತ್ರ ಕಿಂಗ್ ಜೇಮ್ಸ್ ಬೈಬಲ್ಲಿನ ಹಳೆಯ ಧಾಟಿಯದು, ಮೊದಲ ನಾಲ್ಕೈದು ಅಧ್ಯಾಯ ಕಿರಿಕಿರಿಯಾಗುತ್ತದೆ. ಧ್ವನಿ ಹಾಕಿಕೊಂಡು ಜೊತೆಗೆ ಕಣ್ಣಾಡಿಸಿದರೆ ಲಯ ಬೇಗ ಹಿಡಿತಕ್ಕೆ ಬರುತ್ತದೆ. ಲಾಗಿನ್ ಇಲ್ಲದೆ ಗುರುತು ಹಾಕಿಕೊಂಡ ಸಾಲುಗಳು, ಬರೆದುಕೊಂಡ ಟಿಪ್ಪಣಿಗಳು ಆ ಫೋನಿನಲ್ಲಿ ಮಾತ್ರ ಉಳಿಯುತ್ತವೆ. ಆ್ಯಪ್ ತೆಗೆದರೆ ಅವೂ ಹೋದಂತೆ. ಖಾತೆ ತೆರೆಯಲು ಮನಸ್ಸಿಲ್ಲದವರು ಟಿಪ್ಪಣಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ.

ಒಂದು ಎಚ್ಚರ. ಪ್ರತಿ ಅಧ್ಯಾಯದ ತಲೆಯ ಮೇಲೆ ಓರೆ ಅಕ್ಷರದಲ್ಲಿ ಬರುವ ಸಾರಾಂಶ ಮೂಲಗ್ರಂಥದ್ದಲ್ಲ, ಆಮೇಲೆ ಸೇರಿಸಿದ್ದು. ವಚನಸಂಖ್ಯೆಗಳೂ ಈಗಿನ ಅಧ್ಯಾಯ ವಿಂಗಡಣೆಯೂ 1879ರ ಆವೃತ್ತಿಯವು. 1830ರಲ್ಲಿ ನ್ಯೂಯಾರ್ಕ್ ರಾಜ್ಯದ ಪಾಲ್‌ಮೈರಾದಲ್ಲಿ 5000 ಪ್ರತಿ ಅಚ್ಚಾದ ಮೊದಲ ಆವೃತ್ತಿ ಕಾದಂಬರಿಯಂತೆ ಉದ್ದುದ್ದ ಪ್ಯಾರಾಗಳಲ್ಲಿ ಇತ್ತು. ಹಳೆಯ ಆವೃತ್ತಿಯ ಅಧ್ಯಾಯಸಂಖ್ಯೆ ಹಿಡಿದು ಆ್ಯಪ್‌ನಲ್ಲಿ ಹುಡುಕಿದರೆ ಬೇರೆ ಯಾವುದೋ ಪ್ರಸಂಗ ಸಿಗುತ್ತದೆ.

ಮೊದಲ ಪುಟದಿಂದ ಶುರು ಮಾಡಬೇಡಿ. 15 ಪುಸ್ತಕ, 239 ಅಧ್ಯಾಯಗಳ ಈ ಗ್ರಂಥದಲ್ಲಿ ಎರಡನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಪ್ರವಾದಿ ಯೆಶಾಯನ ಅಧ್ಯಾಯಗಳು ಸಾಲಾಗಿ ನಿಂತಿವೆ. ಬಹುಪಾಲು ಓದುಗರು ಕೈಚೆಲ್ಲುವುದು ಅಲ್ಲೇ. ಕುರಾನ್ ಓದಿ ಬಂದವರಿಗೆ ಸರಿಯಾದ ಬಾಗಿಲು ಕಡಲ ಕಡೆಯದು. 1 ನೀಫೈ ಎಂಬ ಪುಸ್ತಕದ 16ರಿಂದ 18ನೇ ಅಧ್ಯಾಯ, ಆಮೇಲೆ ಈಥರ್ ಪುಸ್ತಕದ 1ರಿಂದ 6, ಕೊನೆಗೆ ಆಲ್ಮಾ ಪುಸ್ತಕದ 63ನೇ ಅಧ್ಯಾಯದ ಮೊದಲ ಹತ್ತು ವಚನ. ಜೊತೆಗೆ ಕುರಾನಿನ ಒಂದು ಕನ್ನಡ ಅನುವಾದ ತೆರೆದಿರಲಿ. ಸೂರಾ ಹೂದ್ 11:36ರಿಂದ 48ರವರೆಗೆ ನೂಹರ ಹಡಗು, ಸಾಫ್ಫಾತ್ 37:139ರಿಂದ ಯೂನುಸರ ತುಂಬಿದ ನಾವೆ, ಕಹ್ಫ್ 18:71ರಲ್ಲಿ ದೋಣಿಗೆ ತೂತು ಕೊರೆಯುವ ಪ್ರಸಂಗ, ಯೂನುಸ್ 10:22ರ ಬಿರುಗಾಳಿ.

1 ನೀಫೈ ಕಥೆ ಹೀಗೆ. ಕ್ರಿ.ಪೂ. 600ರ ಹೊತ್ತಿಗೆ ಲೀಹೈ ಎಂಬವನು ಕುಟುಂಬ ಸಮೇತ ಜೆರುಸಲೇಮ್ ಬಿಟ್ಟು ಕೆಂಪು ಸಮುದ್ರದ ಪಕ್ಕದಲ್ಲಿ ದಕ್ಷಿಣಕ್ಕೆ ನಡೆಯುತ್ತಾನೆ. ನಾಹಮ್ ಎಂಬ ಜಾಗದಲ್ಲಿ ಒಬ್ಬನನ್ನು ಹೂಳಿ, ಅಲ್ಲಿಂದ ಪೂರ್ವಕ್ಕೆ ತಿರುಗಿ, ಮರುಭೂಮಿಯಲ್ಲಿ ಒಟ್ಟು ಎಂಟು ವರ್ಷ ಕಳೆದು, ಹಣ್ಣು ಮತ್ತು ಕಾಡುಜೇನು ತುಂಬಿದ ಕಡಲತೀರ ಸೇರುತ್ತಾರೆ. ಅದಕ್ಕೆ ಬೌಂಟಿಫುಲ್ ಎಂದು ಹೆಸರಿಡುತ್ತಾರೆ. ಅಲ್ಲಿ ಮಗ ನೀಫೈಗೆ ಹಡಗು ಕಟ್ಟುವ ಅಪ್ಪಣೆ ಬರುತ್ತದೆ. ಅಂದರೆ ಕಥೆಯ ಈ ಭಾಗ ಪೂರ್ತಿ ನಡೆಯುವುದು ಅರೇಬಿಯಾದಲ್ಲಿ, ಪ್ರವಾದಿ ಮಹಮದರಿಗಿಂತ ಸುಮಾರು 1200 ವರ್ಷ ಹಿಂದೆ. ಇಸ್ಲಾಮಿನ ಭೂಗೋಳ ಗೊತ್ತಿರುವವರಿಗೆ ನಕ್ಷೆ ಆಗಲೇ ಪರಿಚಿತ.

ನಂಬಿಕೆಯುಳ್ಳ ವಿದ್ವಾಂಸರು ಬೌಂಟಿಫುಲ್ಲನ್ನು ಒಮಾನಿನ ಧೋಫಾರ್ ಕರಾವಳಿಯಲ್ಲಿ ಹುಡುಕುತ್ತಾರೆ. ಖೋರ್ ರೋರಿ, ಖೋರ್ ಖರ್ಫೋತ್ ಎರಡು ಮುಖ್ಯ ಅಭ್ಯರ್ಥಿಗಳು. ಕಾರಣ ಮಳೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿನ ಅಂಚು ಆ ಬೆಟ್ಟಸಾಲಿಗೆ ತಾಗಿ ಮಂಜು, ತುಂತುರು ಸುರಿಯುತ್ತದೆ, ಸಲಾಲಾ ಸುತ್ತಲಿನ ಗುಡ್ಡ ಹಸಿರಾಗುತ್ತದೆ. ಅಲ್ಲಿಯವರು ಅದಕ್ಕೆ ಖರೀಫ್ ಎನ್ನುತ್ತಾರೆ. ನಾಹಮ್‌ಗೆ ಆಧಾರವಾಗಿ ಯೆಮನ್‌ನ ಮಾರಿಬ್ ಬಳಿಯ ಬರ್‌ಆನ್ ದೇಗುಲದಲ್ಲಿ ಜರ್ಮನ್ ತಂಡಕ್ಕೆ ಸಿಕ್ಕ ಬಲಿಪೀಠಗಳನ್ನು ತೋರಿಸುತ್ತಾರೆ. ಅವುಗಳ ಮೇಲೆ ನ-ಹ-ಮ ವ್ಯಂಜನಗಳ ಬುಡಕಟ್ಟಿನ ಹೆಸರಿದೆ, ಕಾಲವೂ ಹೆಚ್ಚುಕಡಿಮೆ ಹೊಂದುತ್ತದೆ. ಇದು ಅವರ ಕೈಯಲ್ಲಿರುವ ಅತ್ಯಂತ ಗಟ್ಟಿ ಪುರಾವೆ. ಟೀಕಾಕಾರರ ಉತ್ತರವೂ ಸಣ್ಣದಲ್ಲ: ಮೂರು ವ್ಯಂಜನ ಹೊಂದುವುದು ಕಾಕತಾಳೀಯ ಇರಬಹುದು, ಅರೇಬಿಯಾದ ಯುರೋಪಿಯನ್ ನಕ್ಷೆಗಳಲ್ಲಿ ಅಂಥ ಹೆಸರು 18ನೇ ಶತಮಾನದಿಂದಲೇ ಇತ್ತು. ಆ್ಯಪ್‌ನಲ್ಲಿ ಈ ಎರಡನೆಯ ಅರ್ಧ ಹುಡುಕಿದರೂ ಸುಲಭಕ್ಕೆ ಸಿಗದು.

ಇನ್ನು ಹಡಗು. ನೀಫೈ ಮೊದಲು ಕೇಳುವುದು ಅದಿರು ಎಲ್ಲಿದೆ ಎಂದು. ಪ್ರಾಣಿಗಳ ತೊಗಲಿನಿಂದ ತಿದಿ ಮಾಡಿ, ಕಲ್ಲಿಗೆ ಕಲ್ಲು ಬಡಿದು ಬೆಂಕಿ ಮಾಡಿ, ಉಪಕರಣ ಎರಕ ಹೊಯ್ಯುತ್ತಾನೆ. ಮರದ ಕೆಲಸ ಮನುಷ್ಯರ ರೀತಿಯದ್ದಲ್ಲ ಎಂದು ಎರಡೆರಡು ಸಲ ಹೇಳುತ್ತಾನೆ. ಹಣ್ಣು, ಮಾಂಸ, ಜೇನು, ಬೀಜ ತುಂಬುತ್ತಾರೆ. ಹಡಗು ಬಲ್ಲವರು ಇಲ್ಲಿ ಕೇಳುವುದೇ ಬೇರೆ: ಉದ್ದ ಎಷ್ಟು, ಕೂವೆಮರ ಎಷ್ಟು, ಹಾಯಿ ಯಾವುದರದ್ದು, ಹಲಗೆ ಜೋಡಿಸಿದ್ದು ಹೇಗೆ, ಕುಡಿಯುವ ನೀರು ಎಲ್ಲಿ? ಒಂದಕ್ಕೂ ಉತ್ತರವಿಲ್ಲ. ಆ ಎರಡು ಅಧ್ಯಾಯಗಳಲ್ಲಿ ಬರುವ ಹಗ್ಗ ಒಂದೇ, ಅದೂ ಅಣ್ಣಂದಿರು ನೀಫೈಯನ್ನು ಕಟ್ಟಿಹಾಕುವ ಹಗ್ಗ.

ಅರಬ್ಬೀ ಸಮುದ್ರದಲ್ಲಿ ಹಳೆಯ ಕಾಲದ ಹಡಗು ಕಟ್ಟುವುದೆಂದರೆ ಹೊಲಿಯುವುದು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಅಂಚಿನುದ್ದಕ್ಕೂ ಜೋಡಿ ತೂತು ಕೊರೆದು, ಸಂದಿಯ ಮೇಲೆ ತೆಂಗಿನ ನಾರಿನ ಸಿಂಬಿ ಇಟ್ಟು, ಹುರಿಹಗ್ಗದಿಂದ ಬಿಗಿಯಾಗಿ ಹೊಲಿದು, ತೂತುಗಳಿಗೆ ಬೆಣೆ ತುಂಬಿ, ರಾಳ ಮತ್ತು ಎಣ್ಣೆ ಬಳಿಯಬೇಕು. ಅಲೆಗೆ ಇಂಥ ಹಡಗು ಬಾಗುತ್ತದೆ, ಒಡೆಯುವುದಿಲ್ಲ. ಆದರೆ ಎಣ್ಣೆ ತಪ್ಪಿದರೆ ಹುರಿ ಕೊಳೆಯುತ್ತದೆ, ಕಾಲಕಾಲಕ್ಕೆ ಮರುಹೊಲಿಗೆ ಬೇಕು. 1980ರಲ್ಲಿ ಒಮಾನಿನ ಸೂರ್‌ನಲ್ಲಿ ಕಟ್ಟಿದ ಸೊಹಾರ್ ಎಂಬ ಹಡಗು ಹೀಗೆ ಹೊಲಿದದ್ದೇ. ಅದರ ಮರ ಹೋದದ್ದು ಮಲಬಾರಿನಿಂದ. ಮಸ್ಕತ್‌ನಿಂದ ಹೊರಟ ಅದು 1981ರಲ್ಲಿ ಚೀನಾದ ಕ್ಯಾಂಟನ್ ಮುಟ್ಟಿತು. ಗಾಳಿ ನಿಂತು ಹಿಂದೂ ಮಹಾಸಾಗರದಲ್ಲಿ ಸಿಕ್ಕಿಹಾಕಿಕೊಂಡಿತ್ತು, ಹಾಯಿ ಕಟ್ಟುವ ದೊಡ್ಡ ಅಡ್ಡಮರವೇ ಮುರಿದಿತ್ತು. ಈಗ ಅದು ಮಸ್ಕತ್‌ನ ಅಲ್ ಬುಸ್ತಾನ್ ಬಳಿಯ ವೃತ್ತದಲ್ಲಿ ನಿಂತಿದೆ.

ನಮ್ಮ ಕಡೆಯ ಉದಾಹರಣೆ ಇನ್ನೂ ಹತ್ತಿರದ್ದು. ಅಜಂತಾ ಚಿತ್ರದ ಮಾದರಿಯಲ್ಲಿ ಹೊಲಿದು ಕಟ್ಟಿದ ಐಎನ್‌ಎಸ್‌ವಿ ಕೌಂಡಿನ್ಯ 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆ ಸೇರಿತು. ಹಾಯಿಯ ಮೇಲೆ ಗಂಡಭೇರುಂಡ ಇದೆ. ಅದೇ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿ 14ರಂದು ಮಸ್ಕತ್ ತಲುಪಿತು. ತಿಂಗಳು ಗಮನಿಸಿ. ಚಳಿಗಾಲದಲ್ಲಿ ಗಾಳಿ ಭಾರತದಿಂದ ಅರೇಬಿಯಾದ ಕಡೆ ಬೀಸುತ್ತದೆ, ಮಳೆಗಾಲದಲ್ಲಿ ಅರೇಬಿಯಾದಿಂದ ಭಾರತದ ಕಡೆ. ನೀಫೈ ಪೂರ್ವಕ್ಕೆ ಹೋಗಬೇಕಾಗಿದ್ದರೆ ಮುಂಗಾರಿನ ಆರ್ಭಟ ಇಳಿದ ಮೇಲೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಹೊರಡಬೇಕಿತ್ತು. ಖರೀಫ್ ನಡುಮಧ್ಯದಲ್ಲಿ ಧೋಫಾರ್ ತೀರದಿಂದ ಹಡಗು ಇಳಿಸುವುದು ಆತ್ಮಹತ್ಯೆ. ಭಾರತ ದಾಟಿದ ಮೇಲಿನ ದಾರಿ ಇನ್ನೂ ಕಠಿಣ. ಪೆಸಿಫಿಕ್‌ನಲ್ಲಿ ಸಮಭಾಜಕದ ಎರಡೂ ಬದಿಯ ವಾಣಿಜ್ಯ ಮಾರುತ ಅಮೆರಿಕದಿಂದ ಏಷ್ಯಾದ ಕಡೆ ಬೀಸುವಂಥದ್ದು, ಅಂದರೆ ನೀಫೈ ಮುಖಕ್ಕೆ. ಎಲ್ ನಿನೊ ವರ್ಷಗಳಲ್ಲಿ ಆ ಗಾಳಿ ಸಡಿಲವಾಗುತ್ತದೆ, ಕೆಲವೊಮ್ಮೆ ತಿರುಗುತ್ತದೆ ಎಂಬುದೇ ನಂಬುವವರ ಸಮಾಧಾನ. ಗ್ರಂಥ ಮಾತ್ರ ಎಷ್ಟು ದಿನ ಹಿಡಿಯಿತು ಎಂದೂ ಹೇಳುವುದಿಲ್ಲ, ಬಹಳ ದಿನ ಎಂದು ಮುಗಿಸುತ್ತದೆ.

ಆದರೆ ಕುರಾನ್ ಪಕ್ಕದಲ್ಲಿಟ್ಟು ಓದಿದಾಗ ಅಧ್ಯಾಯ 18ರ ಬಿರುಗಾಳಿ ಜೀವ ತಳೆಯುತ್ತದೆ. ಒಳ್ಳೆಯ ಗಾಳಿಯಲ್ಲಿ ಹಡಗು ಸಾಗುವಾಗ ಅಣ್ಣಂದಿರು ಕುಣಿದು, ಹಾಡಿ, ಒರಟು ಮಾತಾಡಿ, ತಡೆಯಲು ಬಂದ ತಮ್ಮನನ್ನು ಕಟ್ಟಿಹಾಕುತ್ತಾರೆ. ದಿಕ್ಕು ತೋರುವ ಸಾಧನ ನಿಂತುಹೋಗುತ್ತದೆ. ಬಿರುಗಾಳಿ ಎದ್ದು ಹಡಗು ಹಿಂದಕ್ಕೆ ಓಡುತ್ತದೆ, ನಾಲ್ಕನೆಯ ದಿನ ಮುಳುಗುವ ಹಂತಕ್ಕೆ ಬಂದಾಗಷ್ಟೇ ಅವರು ಹೆದರಿ ಬಿಡಿಸುತ್ತಾರೆ. ಕುರಾನಿನ 10:22 ಮತ್ತು 29:65 ಬಯ್ಯುವುದು ಇಂಥವರನ್ನೇ. ಅನುಕೂಲದ ಗಾಳಿಗೆ ಹಿಗ್ಗಿ, ಅಲೆ ಸುತ್ತುವರಿದಾಗ ದೇವರನ್ನು ಕರೆದು, ದಡ ಸೇರಿದ ಮೇಲೆ ಮರೆಯುವವರು. ಎರಡೂ ಗ್ರಂಥಗಳಿಗೆ ಕಡಲು ಮನುಷ್ಯನನ್ನು ಪರೀಕ್ಷಿಸುವ ಜಾಗ, ಅಳತೆಪಟ್ಟಿಯ ಜಾಗವಲ್ಲ. ಕಡಲ ದಿನಚರಿಯೇ ಬೇಕೆನ್ನುವವರು ಇದೇ ಆ್ಯಪ್‌ನ ಬೈಬಲ್ಲಿನಲ್ಲಿ ಅಪೊಸ್ತಲರ ಕೃತ್ಯಗಳು 27 ತೆರೆಯಲಿ. 276 ಜನ, ಆಳ ನೋಡಿದಾಗ ಮೊದಲು 20 ಮಾರು ಆಮೇಲೆ 15, ಹಿಂಬದಿಯಿಂದ ಇಳಿಬಿಟ್ಟ ನಾಲ್ಕು ಲಂಗರು. ಪೌಲನ ಆ ನೌಕಾಘಾತದ ಮುಂದೆ ನೀಫೈಯ ವಿವರ ಬಡವಾಗಿ ಕಾಣುತ್ತದೆ.

ದಿಕ್ಕು ತೋರುವ ಸಾಧನದ ಬಗ್ಗೆ ಹುಡುಕುವಾಗ ಆ್ಯಪ್ ಕೈಕೊಡುತ್ತದೆ. ಎಲ್ಲರಿಗೂ ಗೊತ್ತಿರುವ ಹೆಸರು ಲಿಯಹೋನ. ಆದರೆ ಗ್ರಂಥದ ಪಠ್ಯದೊಳಗೆ ಆ ಹೆಸರು ಬರುವುದು ಆಲ್ಮಾ 37:38ರಲ್ಲಿ ಮಾತ್ರ. ಉಳಿದೆಡೆ ಅದು ಬಾಲ್, ಕಂಪಾಸ್, ಡೈರೆಕ್ಟರ್ ಎಂದು ವೇಷ ಬದಲಿಸಿಕೊಂಡಿದೆ. ನಾಲ್ಕನ್ನೂ ಬೇರೆ ಬೇರೆ ಹುಡುಕಿದರೇ 1 ನೀಫೈ 16:10, 18:12, 2 ನೀಫೈ 5:12, ಮೊಸಾಯ 1:16 ಎಲ್ಲ ಕೈಗೆ ಬರುತ್ತವೆ. ಹಿತ್ತಾಳೆಯ ಗೋಳ, ಒಳಗೆ ಎರಡು ಮುಳ್ಳು, ಒಂದು ದಾರಿ ತೋರುತ್ತದೆ, ಮೇಲೆ ಆಗಾಗ ಬರಹ ಮೂಡಿ ಬದಲಾಗುತ್ತದೆ. ಕೆಲಸ ಮಾಡುವುದು ನಂಬಿಕೆಯ ಬಲದಿಂದ, ಅಯಸ್ಕಾಂತದಿಂದಲ್ಲ. ನಾವಿಕರ ಅಯಸ್ಕಾಂತ ಸೂಜಿ ಚೀನಾದಲ್ಲಿ ಬಳಕೆಗೆ ಬಂದದ್ದು ಕ್ರಿ.ಶ. 11ನೇ ಶತಮಾನದ ಆಸುಪಾಸಿನಲ್ಲಿ ಎಂಬ ಆಕ್ಷೇಪಕ್ಕೆ ನಂಬುವವರ ಜವಾಬು ಇದೇ. 1 ನೀಫೈ 18ರ ಕೊನೆಯ ವಚನದಲ್ಲಿ ಅಮೆರಿಕದ ಕಾಡಿನಲ್ಲಿ ಹಸು, ಎತ್ತು, ಕತ್ತೆ, ಕುದುರೆ ಸಿಕ್ಕವು ಎಂಬ ಮಾತಿದೆಯಲ್ಲ, ಅದಕ್ಕೆ ಇಷ್ಟು ಸುಲಭದ ಜವಾಬಿಲ್ಲ. ಕುದುರೆ ಆ ಖಂಡದಿಂದ ಸಾವಿರಾರು ವರ್ಷ ಹಿಂದೆಯೇ ಅಳಿದು, ಸ್ಪೇನಿನವರ ಜೊತೆ ಮರಳಿ ಬಂತು.

ಈಥರ್ ಪುಸ್ತಕದ ಪಯಣ ಇನ್ನೊಂದು ಬಗೆಯದು, ಮತ್ತು ಇಡೀ ಗ್ರಂಥದಲ್ಲಿ ಅತ್ಯಂತ ರುಚಿಯಾದದ್ದು. ಬೈಬಲ್ಲಿನ ಬಾಬೆಲ್ ಗೋಪುರದ ಕಾಲದಲ್ಲಿ ಜೇರೆಡ್ ಮತ್ತವನ ತಮ್ಮನ ಗುಂಪು ಕಡಲತೀರದಲ್ಲಿ ನಾಲ್ಕು ವರ್ಷ ಡೇರೆ ಹಾಕಿ ಕುಳಿತು, ಆಮೇಲೆ ಎಂಟು ನಾವೆ ಕಟ್ಟುತ್ತದೆ. ಇಲ್ಲಿ ಅಳತೆ ಇದೆ. ಉದ್ದ ಒಂದು ಮರದಷ್ಟು. ಎರಡೂ ತುದಿ ಮೊನಚು. ತಳ, ಪಕ್ಕ, ಮೇಲ್ಭಾಗ ಎಲ್ಲವೂ ತಟ್ಟೆಯಂತೆ ಬಿಗಿ. ಕಿಟಕಿ ಇಟ್ಟರೆ ಒಡೆದೀತು, ಬೆಂಕಿ ಒಯ್ಯುವಂತಿಲ್ಲ. ಗಾಳಿಗೆ ಮೇಲೊಂದು ಕೆಳಗೊಂದು ತೂತು, ಉಸಿರುಗಟ್ಟಿದಾಗ ಬಿಚ್ಚು, ನೀರು ಬಂದರೆ ಮುಚ್ಚು. ಬೆಳಕಿಗೆ ಗಾಜಿನಂತೆ ಪಾರದರ್ಶಕವಾದ 16 ಪುಟ್ಟ ಕಲ್ಲು, ದೇವರ ಬೆರಳು ತಾಗಿ ಹೊಳೆಯತೊಡಗಿದವು, ನಾವೆಗೆ ಎರಡರಂತೆ ಒಂದೊಂದು ತುದಿಗೆ. ಪಯಣ 344 ದಿನ.

ಕೆಳಗಿನ ತೂತು ಹಡಗು ಕಟ್ಟುವವರನ್ನು ನಗಿಸುತ್ತದೆ. ಆದರೆ ಅದನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಎತ್ತರದ ಕೊಳವೆಯಾಗಿ ನಿಲ್ಲಿಸಿದರೆ ನೀರು ಒಳಗೆ ಉಕ್ಕುವುದಿಲ್ಲ, ಕೊಳವೆಯಲ್ಲೇ ಹೊರಮಟ್ಟದಷ್ಟಕ್ಕೆ ನಿಲ್ಲುತ್ತದೆ. ಇಂದಿನ ಸಮುದ್ರತಳ ಕೊರೆಯುವ ಹಡಗುಗಳ ನಡುವೆ ಇರುವ ಬಾವಿಯ ತತ್ವ ಇದೇ. ಅದನ್ನು ಕೊಳವೆ ಎಂದು ಗ್ರಂಥ ಹೇಳುವುದಿಲ್ಲ ಎನ್ನುವುದು ಬೇರೆ ಮಾತು. ದಿನದ ಲೆಕ್ಕವನ್ನೂ ಹಾಕಿ ನೋಡಬಹುದು. ಒಂದು ನಾಟ್, ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ. ವೇಗದಲ್ಲಿ ತೇಲಿದರೆ 344 ದಿನಕ್ಕೆ ಸುಮಾರು 15,300 ಕಿ.ಮೀ. ಆಗುತ್ತದೆ. 1947ರಲ್ಲಿ ಪೆರುವಿನ ಕಯಾವೊದಿಂದ ಹೊರಟ ಕೋನ್-ಟಿಕಿ ತೆಪ್ಪ 101 ದಿನಕ್ಕೆ ಏಳು ಸಾವಿರ ಕಿ.ಮೀ.ಗೆ ಹತ್ತಿರ ಸಾಗಿ ರಾರೊಯಾ ಹವಳದಿಬ್ಬಕ್ಕೆ ಬಡಿಯಿತು. 1970ರ ರಾ-2 ಎಂಬ ಜೊಂಡಿನ ದೋಣಿ ಮೊರಾಕ್ಕೊದಿಂದ ಬಾರ್ಬಡೋಸ್‌ಗೆ 57 ದಿನ ತೆಗೆದುಕೊಂಡಿತು. ಹಾಗೆ ನೋಡಿದರೆ 344 ಅಸಂಭವ ಸಂಖ್ಯೆಯೇನಲ್ಲ. ಕುರಿದನ, ಹಕ್ಕಿ ಸಮೇತ ಮುಚ್ಚಿದ ನಾವೆಯಲ್ಲಿ ಅಷ್ಟು ದಿನದ ಸಿಹಿನೀರು, ಸಗಣಿ ಗಂಜಳ ಏನಾಯಿತು ಎಂಬ ಪ್ರಶ್ನೆಯೇ ದೊಡ್ಡದು.

ನೂಹರ ಹಡಗಿನ ಹೆಸರನ್ನು ಈಥರ್ 6:7 ನೇರವಾಗಿ ಎತ್ತುತ್ತದೆ. ಹೊಳೆಯುವ ಕಲ್ಲು ಮಾತ್ರ ಕುರಾನಿನಲ್ಲಿಲ್ಲ. ಅದರ ನೆಂಟಸ್ತನ ಯಹೂದಿ ವ್ಯಾಖ್ಯಾನಗಳ ಜೊತೆ, ಅಲ್ಲಿ ನೋಹನ ನಾವೆಗೆ ರತ್ನವೊಂದು ಬೆಳಕು ಕೊಡುತ್ತದೆ.

ಇಸ್ಲಾಂ ಓದಿ ಬಂದವರು ನಿಜಕ್ಕೂ ಎಡವುವ ಜಾಗ ಈಥರ್ 3. ಜೇರೆಡನ ತಮ್ಮ ಬೆಟ್ಟದ ಮೇಲೆ ಆ ಕಲ್ಲುಗಳನ್ನು ಹಿಡಿದು ನಿಂತಾಗ ದೇವರ ಬೆರಳು ಕಂಡು ಬೆಚ್ಚಿ ಬೀಳುತ್ತಾನೆ, ನಿನ್ನನ್ನೇ ತೋರಿಸು ಎನ್ನುತ್ತಾನೆ, ದೇವರು ತೋರಿಸುತ್ತಾನೆ, ತಾನು ಯೇಸು ಕ್ರಿಸ್ತ ಎನ್ನುತ್ತಾನೆ. ಇದರ ಎದುರಿಗೆ ಕುರಾನಿನ 7:143 ಇಡಿ. ಅಲ್ಲೂ ಬೆಟ್ಟ, ಅಲ್ಲೂ ಪ್ರವಾದಿ, ಅದೇ ಬೇಡಿಕೆ. ನೀನು ನನ್ನನ್ನು ಕಾಣಲಾರೆ ಎಂಬ ಉತ್ತರ ಬರುತ್ತದೆ, ಬೆಟ್ಟ ಪುಡಿಯಾಗುತ್ತದೆ, ಮೂಸಾ ಮೂರ್ಛೆ ಹೋಗುತ್ತಾರೆ. ಎರಡು ಧರ್ಮಗಳ ವ್ಯತ್ಯಾಸಕ್ಕೆ ಬೇರೆ ಪಾಠ ಬೇಡ. ಡಾಕ್ಟ್ರಿನ್ ಆ್ಯಂಡ್ ಕವನೆಂಟ್ಸ್ 130:22 ಇನ್ನೂ ಮುಂದೆ ಹೋಗಿ ತಂದೆಯಾದ ದೇವರಿಗೂ ಎಲುಬು ಮಾಂಸದ ದೇಹವಿದೆ ಎನ್ನುತ್ತದೆ. ಅಲ್ಲಾಹನಿಗೆ ಸರಿಸಾಟಿ ಯಾರೂ ಇಲ್ಲ ಎಂಬ ಸೂರಾ 112, ಮಹಮದರು ಪ್ರವಾದಿಗಳ ಮುದ್ರೆ, ಅಂದರೆ ಕೊನೆಯ ಪ್ರವಾದಿ ಎಂಬ 33:40 ಇವೆರಡನ್ನು ಗಟ್ಟಿಯಾಗಿ ಹಿಡಿದವರಿಗೆ ಮುಂದಿನ ದಾರಿ ಇಲ್ಲಿಗೆ ಮುಚ್ಚಿದಂತೆ. ಹೋಲಿಕೆ ನೋಡಲಷ್ಟೇ ಬಂದವರಿಗೆ ಹಬ್ಬ. ಗ್ರಂಥ ಕೆಟ್ಟಿದೆ ಎಂಬ ವಾದಕ್ಕೆ 1 ನೀಫೈ 13:26ರಿಂದ 29 ನೋಡಿ. ಅದೇ ಅಧ್ಯಾಯದ 12ನೇ ವಚನದಲ್ಲಿ ಸಾಗರ ದಾಟಿ ಬರುವ ಅನ್ಯಜನಾಂಗದವನೊಬ್ಬ ಇದ್ದಾನೆ. ಹೆಸರಿಲ್ಲ, ಆದರೆ ಸದಸ್ಯರೆಲ್ಲ ಅವನನ್ನು ಕೊಲಂಬಸ್ ಎಂದೇ ಓದುತ್ತಾರೆ.

ಆಲ್ಮಾ 63ರ ಹೇಗಾತ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕ್ರಿ.ಪೂ. 55ರ ಸುಮಾರಿಗೆ ಪಶ್ಚಿಮ ಸಮುದ್ರದಲ್ಲಿ ದೊಡ್ಡ ಹಡಗು ಇಳಿಸಿದವನು. ಒಂದು ಹಡಗು ಮರಳಿ ಬಂದು ಮತ್ತೆ ಹೋಯಿತು, ಆಮೇಲೆ ಸುದ್ದಿಯಿಲ್ಲ. ಪಾಲಿನೇಷ್ಯದ ಸದಸ್ಯರಲ್ಲಿ ಅವನನ್ನು ಮೂಲಪುರುಷ ಎಂದು ನಂಬುವ ಸಂಪ್ರದಾಯ ಇದೆ. ಭಾಷೆ, ಮಡಕೆ, ವಂಶವಾಹಿ ಮೂರೂ ಪಾಲಿನೇಷ್ಯದವರು ತೈವಾನ್ ಮತ್ತು ಆಗ್ನೇಯ ಏಷ್ಯಾದ ದ್ವೀಪಗಳ ಕಡೆಯಿಂದ ಬಂದವರೆಂದೇ ಹೇಳುತ್ತವೆ.

ಈಗ ಅರ್ಧ ಅಂಕದ ವಿಷಯ. ಆ್ಯಪ್‌ನ ಅಡಿಟಿಪ್ಪಣಿಗಳು ಅದ್ಭುತ ಶ್ರಮದ ಫಲ, ಆದರೆ ಅವು ಕರೆದೊಯ್ಯುವುದು ಚರ್ಚ್‌ನದೇ ಇನ್ನೊಂದು ವಚನಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಜೇರೆಡನ ನಾವೆಯಂತೆ ಇದಕ್ಕೂ ಕಿಟಕಿ ಇಲ್ಲ. ಬೈಬಲ್ ನಕ್ಷೆಗಳಿವೆ, ಬುಕ್ ಆಫ್ ಮಾರ್ಮನ್ ಊರುಗಳ ನಕ್ಷೆ ಇಲ್ಲ. ಅದು ಡೌನ್‌ಲೋಡ್ ತೊಂದರೆಯಲ್ಲ. ಭೂಗೋಳದ ಬಗ್ಗೆ ಚರ್ಚ್ ಯಾವ ಅಧಿಕೃತ ನಿಲುವನ್ನೂ ತಳೆದಿಲ್ಲ, ಮಧ್ಯ ಅಮೆರಿಕ ಎನ್ನುವವರಿಗೂ ಅಮೆರಿಕ ಸಂಯುಕ್ತ ಸಂಸ್ಥಾನದ ಒಳನಾಡು ಎನ್ನುವವರಿಗೂ ಜಗಳ ಇನ್ನೂ ನಡೆದಿದೆ. ತುಸು ಗಾಳಿಯಾಡುವುದು ಗಾಸ್ಪೆಲ್ ಟಾಪಿಕ್ಸ್ ಪ್ರಬಂಧಗಳಲ್ಲಿ. ಡಿಎನ್‌ಎ ಕುರಿತ ಪ್ರಬಂಧ, ಗ್ರಂಥದ ಅನುವಾದ ಕುರಿತದ್ದು, ಬಹುಪತ್ನಿತ್ವ ಕುರಿತದ್ದು ಮೂರನ್ನಾದರೂ ಓದಿ. ಮೆನುವಿನಲ್ಲಿ ಅವುಗಳ ಜಾಗ ಬದಲಾಗುತ್ತಿರುತ್ತದೆ, ಶೀರ್ಷಿಕೆ ಹಾಕಿ ಹುಡುಕುವುದೇ ವಾಸಿ. ಬುಕ್ ಆಫ್ ಮಾರ್ಮನ್ ಪೀಠಿಕೆಯನ್ನೂ ಗಮನಿಸಿ. 1981ರ ಆವೃತ್ತಿಯಲ್ಲಿ ಈ ಕಡಲಯಾತ್ರಿಗಳು ಅಮೆರಿಕದ ಮೂಲನಿವಾಸಿಗಳ ಪ್ರಧಾನ ಪೂರ್ವಜರು ಎಂದಿತ್ತು, 2006ರ ಬದಲಾವಣೆಯ ನಂತರ ಪೂರ್ವಜರಲ್ಲಿ ಸೇರಿದವರು ಎಂದಷ್ಟೇ ಇದೆ. ಈ ಬದಲಾವಣೆಯ ಇತಿಹಾಸವನ್ನು ಆ್ಯಪ್ ಪಕ್ಕದಲ್ಲಿ ತೋರಿಸುವುದಿಲ್ಲ. ಹಳೆಯ ಪಠ್ಯ ನೋಡಬೇಕಾದರೆ ಜೋಸೆಫ್ ಸ್ಮಿತ್ ಪೇಪರ್ಸ್ ಜಾಲತಾಣ ತೆರೆಯಿರಿ. ಅಚ್ಚಿಗೆ ಕೊಟ್ಟ ಹಸ್ತಪ್ರತಿಯ ಪುಟಗಳ ಚಿತ್ರ ಅಲ್ಲಿ ಉಚಿತ. ಈ ಪ್ರತಿಯನ್ನು ಚರ್ಚ್ 2017ರಲ್ಲಿ 3.5 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಮುಸ್ಲಿಮರು ಮತ್ತು ಲ್ಯಾಟರ್-ಡೇ ಸೇಂಟ್ಸ್ ಕುರಿತು ಚರ್ಚ್ 2021ರಲ್ಲಿ ಹೊರತಂದ ಕಿರುಪುಸ್ತಿಕೆಯೂ ಇಲ್ಲಿ ಸಿಗುತ್ತದೆ. ಸೌಜನ್ಯದ ಬರಹ, ಭಿನ್ನತೆಗಳನ್ನು ಮುಚ್ಚಿಟ್ಟಿಲ್ಲ. ಮಹಮದರೂ ದೇವರ ಬೆಳಕಿನ ಒಂದು ಪಾಲು ಪಡೆದವರು ಎಂಬ 1978ರ ಚರ್ಚ್ ಹೇಳಿಕೆ ಇದಕ್ಕೆ ಹಿನ್ನೆಲೆ. ಆಚರಣೆಗಳನ್ನು ಹೋಲಿಸುವಾಗ ಲೆಕ್ಕ ತಪ್ಪಬೇಡಿ. ಜಕಾತ್ ಎಂದರೆ ನಿಗದಿತ ಮಿತಿ ಮೀರಿ ಒಂದು ಚಾಂದ್ರಮಾನ ವರ್ಷ ಉಳಿದ ಸಂಪತ್ತಿನ ಶೇ 2.5, ಇವರ ದಶಮಾಂಶ ಆದಾಯದ ಶೇ 10. ರಂಜಾನ್ ತಿಂಗಳಿಡೀ ಹಗಲು ಉಪವಾಸ, ಇವರದ್ದು ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಮೊದಲ ಭಾನುವಾರ, ಎರಡು ಊಟ ಬಿಟ್ಟು ಅದರ ಹಣ ಬಡವರಿಗೆ. 1833ರ ಆಜ್ಞೆಯ ಪ್ರಕಾರ ಮದ್ಯ, ತಂಬಾಕು ಜೊತೆಗೆ ಚಹಾ, ಕಾಫಿಯೂ ನಿಷಿದ್ಧ. ಫಿಲ್ಟರ್ ಕಾಫಿ ಬಿಡಲಾರದವರು ಗಮನಿಸಿ.

ಅಚ್ಚಿನ ಪ್ರತಿ ಉಚಿತವಾಗಿ ಸಿಗುತ್ತದೆ, ಚರ್ಚ್‌ನ ಜಾಲತಾಣದಲ್ಲಿ ಅರ್ಜಿ ಇದೆ. ವಿಳಾಸ ಮತ್ತು ಫೋನ್ ಸಂಖ್ಯೆ ಕೊಟ್ಟ ಮೇಲೆ ಜೋಡಿಯಾಗಿ ಓಡಾಡುವ ಮಿಷನರಿಗಳ ಕರೆ ಬರುವುದು ಆ ಸೇವೆಯ ಭಾಗವೇ. ಓದಷ್ಟೇ ಬೇಕು ಎನ್ನುವವರಿಗೆ ಲಾಗಿನ್ ಇಲ್ಲದ ಆ್ಯಪ್ ಸಾಕು. ಬೆಂಗಳೂರಿನಲ್ಲಿ 1993ರಿಂದ ಇವರ ಮಿಷನ್ ಇದೆ, ಭಾನುವಾರದ ಸಭೆಗೆ ಯಾರೂ ಹೋಗಿ ಕೂರಬಹುದು. ವೈಟ್‌ಫೀಲ್ಡ್‌ನಲ್ಲಿ ಟೆಂಪಲ್ ಕಟ್ಟುವ ಘೋಷಣೆ 2018ರಲ್ಲಿ ಆಯಿತು, ಭೂಮಿಪೂಜೆ 2020ರ ಡಿಸೆಂಬರಿನಲ್ಲಿ. ಮಸೀದಿಯ ಅಭ್ಯಾಸದಲ್ಲಿ ಇದನ್ನೂ ಯೋಚಿಸಬೇಡಿ. ಟೆಂಪಲ್ ಬೇರೆ, ವಾರದ ಸಭಾಮಂದಿರ ಬೇರೆ. ಪ್ರತಿಷ್ಠಾಪನೆ ಆದ ಟೆಂಪಲ್ ಒಳಗೆ ಅನುಮತಿಪತ್ರವಿರುವ ಸದಸ್ಯರಿಗಷ್ಟೇ ಪ್ರವೇಶ. ಭಾರತದ ಜೊತೆಗಿನ ನಂಟು ಹಳೆಯದೇ, 1853ರಲ್ಲಿ ಕಲ್ಕತ್ತಕ್ಕೆ ಮಿಷನರಿಗಳ ತಂಡವನ್ನು ಹೊತ್ತು ತಂದ ಹಡಗಿನ ಹೆಸರು ಮಾನ್ಸೂನ್.

ಪುರಾಣದ ಹಡಗುಗಳಿಂದ ದಾಖಲೆಯಿರುವ ಹಡಗುಗಳಿಗೆ ಬರಬೇಕೆನಿಸಿದಾಗ ಆ್ಯಪ್ ಮುಚ್ಚಿ ಸೇಂಟ್ಸ್ ಬೈ ಸೀ ಎಂಬ ಜಾಲತಾಣಕ್ಕೆ ಹೋಗಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಉಚಿತ ದತ್ತಾಂಶ ಸೇವೆ. 1840ರಲ್ಲಿ ಲಿವರ್‌ಪೂಲ್‌ನಿಂದ ಹೊರಟ ಬ್ರಿಟಾನಿಯಾದಿಂದ ಹಿಡಿದು ಸಾಗರ ದಾಟಿ ಬಂದ ಸದಸ್ಯರ ಪ್ರಯಾಣಿಕರ ಪಟ್ಟಿ, ದಿನಚರಿ, ಪತ್ರಗಳು ಅಲ್ಲಿವೆ. ಬ್ರೂಕ್ಲಿನ್ ಹಡಗಿನ ಪುಟದಿಂದ ಶುರು ಮಾಡುವುದು ಒಳ್ಳೆಯದು. 1846ರ ಫೆಬ್ರುವರಿ 4ರಂದು ನ್ಯೂಯಾರ್ಕ್ ಬಿಟ್ಟು, ಕೇಪ್ ಹಾರ್ನ್ ಸುತ್ತಿ, ಹುವಾನ್ ಫರ್ನಾಂಡೆಜ್ ದ್ವೀಪದಲ್ಲಿ ನೀರು ತುಂಬಿಕೊಂಡು, ಹವಾಯಿ ಮುಟ್ಟಿ, ಜುಲೈ 31ಕ್ಕೆ ಈಗಿನ ಸ್ಯಾನ್ ಫ್ರಾನ್ಸಿಸ್ಕೊ ಸೇರಿದ ಹಡಗು. ದಾರಿಯಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಹೆಸರಿನಲ್ಲಿ ಒಂದಕ್ಕೆ ಅಟ್ಲಾಂಟಿಕ್, ಇನ್ನೊಂದಕ್ಕೆ ಪೆಸಿಫಿಕ್ ಸೇರಿಕೊಂಡಿತು. ನೀಫೈ ಹೇಳದೆ ಬಿಟ್ಟ ನೀರು, ರೊಟ್ಟಿ, ವಾಂತಿ, ಇಲಿ, ಜಗಳ ಎಲ್ಲ ಇಂಥ ಬರಹಗಳಲ್ಲಿ ಸಿಗುತ್ತವೆ. ಹುಡುಕುವಾಗ ಜನರ ಹೆಸರಿಗಿಂತ ಹಡಗು ಮತ್ತು ಇಸವಿ ಹಾಕುವುದು ಉತ್ತಮ, ಹೆಸರುಗಳ ಕಾಗುಣಿತ ಪಟ್ಟಿಯಿಂದ ಪಟ್ಟಿಗೆ ಬದಲಾಗುತ್ತದೆ. ಹಡಗಿನ ಹೆಸರು ಒಂದೇ ಇದ್ದರೂ ಪಯಣ ಹಲವು ಇರಬಹುದು, ಹೊರಟ ತಾರೀಖು ನೋಡಿಯೇ ಪುಟ ತೆರೆಯಿರಿ. ಒಂದೇ ಪಯಣದ ಬಗ್ಗೆ ಹಲವರ ಬರಹ ಇದ್ದರೆ ಹಡಗಿನ ಮೇಲೆಯೇ ಬರೆದ ದಿನಚರಿಯನ್ನು ಮೊದಲು ಓದಿ, ದಶಕಗಳ ನಂತರ ಬರೆದ ನೆನಪುಗಳನ್ನು ಆಮೇಲೆ. ಬಿರುಗಾಳಿ ಸಾಮಾನ್ಯವಾಗಿ ನೆನಪುಗಳಲ್ಲೇ ಜೋರು.